ಎಲಾದಿಯೋನ ಜಡೆ ಕೆಲಸ

ಬಾರಹೋನಾ ಊರಿನಲ್ಲಿ ಕಡಲ ಕಡೆಗೆ ಇಳಿಯುವ ನಮ್ಮ ಬೀದಿಯ ತಿರುವಿನಲ್ಲೇ ಎಲಾದಿಯೋನ ಪಂಕ್ಚರ್ ಅಂಗಡಿ. ಅವನ ಹೆಂಡತಿ ನೋರಿಸ್ ಬೇಕರಿ ಕೆಲಸಕ್ಕೆಂದು ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾಳೆ. ಹಾಗಾಗಿ ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ತಯಾರು ಮಾಡುವುದು ಅವನ ಪಾಲಿಗೆ ಬಂತು. ಬೆಳಗಿನ ತಿಂಡಿಗೆ ಬಾಳೆಕಾಯಿ ಬೇಯಿಸಿ ಹಿಸುಕುವುದು ಅವನಿಗೆ ಗೊತ್ತಿತ್ತು, ಜಡೆ ಹೆಣೆಯುವುದು ಗೊತ್ತಿರಲಿಲ್ಲ. ಮೊದಮೊದಲು ಅವನು ಹಾಕಿದ ಜಡೆ ಶಾಲೆಯ ಗೇಟು ಮುಟ್ಟುವುದರೊಳಗೆ ಬಿಚ್ಚಿಹೋಗುತ್ತಿತ್ತು. ಎದುರುಮನೆಯ ಮುದುಕಿ ದೋನ್ಯಾ ಚೇಯಾ ನೋಡಲಾರದೆ ಅವನನ್ನು ತನ್ನ ಮೆಟ್ಟಿಲ ಮೇಲೆ ಕೂರಿಸಿ, ನೆಲ ಒರೆಸುವ ಕೋಲಿನ ಎಳೆಗಳ ಮೇಲೆ ಪಾಠ ಶುರುಮಾಡಿದಳು.

"ಲೋ, ಅದು ಟೈರಲ್ಲ ಕಣೋ, ತಲೆ! ಹಂಗೆ ಎಳೀಬೇಡ."

ಅವನು ಕಲಿತ. ಚೆನ್ನಾಗಿಯೇ ಕಲಿತ. ಗ್ರೀಸು ಮೆತ್ತಿದ ಕೈಯನ್ನು ನಿಂಬೆಹಣ್ಣಿನಲ್ಲಿ ತಿಕ್ಕಿ ತೊಳೆದು, ಆ ಗುಂಗುರು ಕೂದಲಿನ ಸಿಕ್ಕು ಬಿಡಿಸಿ, ನೇರ ಬೈತಲೆ ತೆಗೆದು ಅವನು ಹೆಣೆದ ಜಡೆ ಸಂಜೆಯಾದರೂ ಅಲ್ಲಾಡುತ್ತಿರಲಿಲ್ಲ. ಹಾಗೆಂದು ಗೊಣಗುವುದನ್ನೇನೂ ಬಿಟ್ಟಿರಲಿಲ್ಲ. "ಒಂದಿನಾನೂ ನೆಮ್ಮದಿಯಾಗಿ ಮಲಗೋಕಾಗಲ್ಲ ನಂಗೆ" ಎಂದು ಬೀದಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದ.

ಒಂದು ಸೋಮವಾರ ದೊಡ್ಡವಳು ಯಾನೆಲಿ ಬಾಚಣಿಗೆಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಅವಳಿಗಿನ್ನೂ ಎಂಟು ವರ್ಷ.

"ಇವತ್ತು ನಾನೇ ಹಾಕ್ಕೋತೀನಿ."

"ಹಾಕ್ಕೋ, ಹಾಕ್ಕೋ" ಎಂದು ಎಲಾದಿಯೋ ನಕ್ಕ. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಾಗ ನಗು ನಿಂತಿತು. ಹೊರಗೆ ಬಂದಾಗ ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹತ್ತಿರ. ಬೈತಲೆಯಂತೂ ಬೆಟ್ಟದ ರಸ್ತೆಯ ಹಾಗೆ ಸುತ್ತಿ ಸುತ್ತಿ ಹೋಗಿತ್ತು.

"ಹೆಂಗಿದೆ?"

ಅವನ ಕೈ ತಾನಾಗಿಯೇ ಅವಳ ತಲೆಯ ಕಡೆಗೆ ಹೋಯಿತು. ಅವಳು ಹಿಂದೆ ಸರಿದಳು. "ಮುಟ್ಬೇಡ!"

"ಚೆನ್ನಾಗಿದೆ ಮಗಳೇ" ಎಂದ. ಕೈಯನ್ನು ಜೇಬಿಗೆ ತುರುಕಿಕೊಂಡ.

ಉಳಿದವಳು ಚಿಕ್ಕವಳು, ಲೇಯ್ಡಾ. ಎಲಾದಿಯೋ ತನ್ನ ಕೈಚಳಕವನ್ನೆಲ್ಲ ಆ ಒಂದು ತಲೆಯ ಮೇಲೆ ಸುರಿದ. ಎಡಕ್ಕೊಂದು ಹೂವು, ಬಲಕ್ಕೆ ಮಣಿ, ಹಿಂದೆ ಬುಟ್ಟಿಯಂಥ ಹೆಣಿಗೆ. ದಿನವೂ ಶಾಲೆಗೆ ತಡ. ಕೊನೆಗೊಂದು ಬೆಳಿಗ್ಗೆ ಆ ಪುಟ್ಟ ಹುಡುಗಿ ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

"ಅಪ್ಪಾ, ಕೂತು ಕೂತು ಸಾಕಾಯ್ತು. ಅಕ್ಕನೇ ಹಾಕ್ಲಿ. ಅವಳು ಬೇಗ ಮುಗಿಸ್ತಾಳೆ."

ಸಂಜೆ ಈ ಸುದ್ದಿ ಕೇಳಿ ನೋರಿಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿದ್ದೆ ಬೇಕು ನಿದ್ದೆ ಬೇಕು ಅಂತಿದ್ಯಲ್ಲ ಮಾರಾಯ, ಸಿಕ್ತಲ್ಲ. ಮಲ್ಕೋ."

ಅವನಿಗೆ ನಿದ್ದೆ ಬರಬೇಕಲ್ಲ! ಎಂದಿನ ಹೊತ್ತಿಗೇ ಎಚ್ಚರವಾಗಿ, ಅಂಗಳದಲ್ಲಿ ಕಾಫಿ ಹಿಡಿದು, ಒಳಗಿನ ಪಿಸುಮಾತು, ಜಗಳಗಳಿಗೆ ಕಿವಿಗೊಟ್ಟು ಕೂರುತ್ತಿದ್ದ. ಒಳಗೊಳಗೇ ಹೆಮ್ಮೆ. ಜೊತೆಗೆ, ತನ್ನನ್ನು ಕೆಲಸದಿಂದ ತೆಗೆದುಹಾಕಿದರೇನೋ ಎಂಬಂಥ ಸಂಕಟ.

ಫೆಬ್ರವರಿಯಲ್ಲಿ ನಮ್ಮ ದೇಶದ ಸ್ವಾತಂತ್ರ್ಯ ದಿನದ ಮೆರವಣಿಗೆ ಬಂತು. ಬಾವುಟದ ಬಣ್ಣದ ನೀಲಿ, ಬಿಳಿ, ಕೆಂಪು ರಿಬ್ಬನ್ ಸೇರಿಸಿ ಹೆಣೆಯುವುದೆಂದರೆ ಮಕ್ಕಳಾಟವಲ್ಲ. ಇವತ್ತು ಕರೆದೇ ಕರೆಯುತ್ತಾರೆಂದು ಅವನು ಕೈ ತೊಳೆದುಕೊಂಡು ಬಾಗಿಲ ಬಳಿಯೇ ನಿಂತ. ಒಳಗೆ ಏನೋ ಬಿತ್ತು. ಲೇಯ್ಡಾ ಕಿರುಚಿದಳು. ಆಮೇಲೆ ಬಾಗಿಲು ತೆರೆಯಿತು.

"ಅಪ್ಪಾ, ಬೇಗ ಬಾ!"

ಅವನು ಒಂದೇ ನೆಗೆತಕ್ಕೆ ಒಳಗಿದ್ದ. ಗೋಡೆಯ ಕನ್ನಡಿ ಮುಂದೆ ನಿಂತಿದ್ದ ಯಾನೆಲಿ ಅವನ ಕೈಗೆ ಇನ್ನೊಂದು ಚಿಕ್ಕ ಕನ್ನಡಿ ಕೊಟ್ಟಳು.

"ನನ್ನ ಹಿಂದೆ ಹಿಡ್ಕೊಂಡು ನಿಂತ್ಕೋ. ಹಿಂದಿನ ಬೈತಲೆ ಕಾಣಲ್ಲ ನಂಗೆ."

"ಸ್ವಲ್ಪ ಎಡಕ್ಕೆ ತಗೋ" ಎಂದ.

"ಯಾವ ಎಡ? ನಿಂದಾ, ನಂದಾ?"

"ನಿಂದೇ, ನಿಂದೇ."

ಬೈತಲೆ ನೇರವಾಗಿ ಬಂತು. ತನ್ನದು ಮುಗಿಸಿ ಅವಳು ಕನ್ನಡಿಯನ್ನು ತಂಗಿಯ ಮುಂದೆ ಹಿಡಿಸಿ, ಅವಳ ತಲೆಗೆ ಕೈ ಹಾಕಿದಳು. ಒಂದು ಎಳೆ ಬಿಗಿಯಾಗಿ ಎಳೆದು, ಲೇಯ್ಡಾ "ಹಾ" ಎನ್ನುವುದರೊಳಗೆ ಆ ಜಾಗಕ್ಕೆ ಮೆಲ್ಲಗೆ ಉಫ್ ಎಂದು ಊದಿದಳು. ಅವನು ಊದುತ್ತಿದ್ದದ್ದೂ ಹಾಗೆಯೇ. ಅದನ್ನು ಯಾರಿಗೂ ಅವನು ಹೇಳಿಕೊಟ್ಟಿರಲಿಲ್ಲ. ಕನ್ನಡಿ ಹಿಡಿದಿರುವುದನ್ನೂ ಮರೆತು ಅವನು ಅವಳ ಕೈಯನ್ನೇ ನೋಡಲು ಬಾಗಿದ.

"ನೆಟ್ಟಗೆ ಹಿಡಿ ಅಪ್ಪಾ!"

ಮೆರವಣಿಗೆಯಲ್ಲಿ ಡೊಳ್ಳಿನ ಹಿಂದೆ ಇಬ್ಬರೂ ಕೈಬೀಸುತ್ತ ಹೋದರು, ರಿಬ್ಬನ್ ಕಡಲಗಾಳಿಗೆ ಹಾರುತ್ತಿತ್ತು. ಎಲಾದಿಯೋ ಪಕ್ಕದಲ್ಲಿ ಓಡುತ್ತ ಗಂಟಲು ಹರಿಯುವಂತೆ ಕೂಗಿದ. ದೋನ್ಯಾ ಚೇಯಾ ಅವನ ಅಂಗಿ ಹಿಡಿದು ಜಗ್ಗಿದಳು. "ಸಾಕು ಕಣೋ, ಮಕ್ಕಳಿಗೆ ನಾಚಿಕೆ ಆಗುತ್ತೆ!"

ಮರುದಿನ ಅವನು ನಿಜಕ್ಕೂ ಬಿಸಿಲೇರುವ ತನಕ ಮಲಗಿದ. ಎಚ್ಚರವಾದಾಗ ಅಡುಗೆಮನೆಯಲ್ಲಿ ಸ್ಟೂಲು ಎಳೆದ ಸದ್ದು. ಓಡಿಹೋಗಿ ನೋಡಿದರೆ ಯಾನೆಲಿ ಅದರ ಮೇಲೆ ನಿಂತು ಗ್ಯಾಸ್ ಒಲೆಯನ್ನು ಪರೀಕ್ಷಿಸುತ್ತಿದ್ದಾಳೆ, ತಂಗಿ ಬಾಳೆಕಾಯಿ ಹಿಡಿದು ಕಾಯುತ್ತಿದ್ದಾಳೆ.

"ಅಪ್ಪಾ, ಇದನ್ನ ಹಚ್ಚೋದು ಹೆಂಗೆ? ಹೇಳ್ಕೊಡು."

"ಅದಕ್ಕಿನ್ನೂ ಬಹಳ ಟೈಮಿದೆ" ಎಂದು ಎಲಾದಿಯೋ ಅವಳನ್ನು ಎತ್ತಿ ಕೆಳಗಿಳಿಸಿದ. ಆಮೇಲೆ ಶಿಳ್ಳೆ ಹಾಕುತ್ತ, ಇಡೀ ಬೀದಿಗೆ ಸಾಲುವಷ್ಟು ಬಾಳೆಕಾಯಿ ಸುಲಿಯಲು ಕೂತ.