ಹಲಗೆಗೆ ಗದ್ದ ಊರಿ

ಸೊಸೆಗೆ ಗಂಡ ಇಟ್ಟ ಅಡ್ಡಹೆಸರು ಪ್ರಶ್ನೆಪತ್ರಿಕೆ. ಇಟ್ಟದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ತೆಂಗಿನಕಾಯಿ ಅಂಗಡಿಯ ಮನೆಗೆ ಕಾಲಿಟ್ಟ ದಿನದಿಂದ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಯಾಕೆ ಗಟ್ಟಿಯಾಗುತ್ತೆ? ಕಾಯಿಯೊಳಗೆ ನೀರು ತುಂಬಿದವರು ಯಾರು? ಪಾತ್ರೆ ಉಜ್ಜೋಕೆ ನಾರು, ಇಸ್ತ್ರಿಪೆಟ್ಟಿಗೆಗೆ ಚಿಪ್ಪಿನ ಕೆಂಡ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ. ಇದರಲ್ಲಿ ಎಸೆಯೋದು ಅಂತ ಏನಾದರೂ ಇದೆಯಾ?

"ಎಸೆಯೋಕೆ ಏನಿದೆಯೇ? ಕಾಯಿಯ ಸದ್ದನ್ನೂ ನಾನು ಬಿಡೋಳಲ್ಲ" ಎಂದಿದ್ದರು ಅತ್ತೆ.

ಅದು ಬರೀ ಮಾತಲ್ಲ. ಬೀದಿಯವರೆಲ್ಲ ಕಾಯಮ್ಮ ಎಂದು ಕರೆಯುತ್ತಿದ್ದ ಆ ಅತ್ತೆ, ಕಾಯಿಯನ್ನು ಕಿವಿಯ ಬಳಿ ಹಿಡಿದು ಬೆರಳಗೆಣ್ಣಿನಿಂದ ಒಂದು ಬಡಿದರೆ ಮುಗಿಯಿತು. ಟಣ್ ಎಂದರೆ ಒಳ್ಳೆಯದು, ದಬ್ ಎಂದರೆ ಕೊಳೆತದ್ದು. ಅವರು ಆರಿಸಿದ ಕಾಯಿ ಕೆಟ್ಟರೆ ಒಂದಕ್ಕೆ ಎರಡು ಕೊಡುವ ಮಾತು. ಆ ಮಾತನ್ನು ನಡೆಸಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಈಚೆಗೆ ಬರತೊಡಗಿತು. ಮೊದಲು ದರ್ಜಿಯ ಹೆಂಡತಿ ಒಂದು ಒಡೆದ ಕಾಯಿ ಹಿಡಿದು, ಮೂಗು ಮುಚ್ಚಿಕೊಂಡು ಬಂದಳು. ಆಮೇಲೆ ಕ್ಯಾಂಟೀನಿನ ಅಡುಗೆಯವನು. ಅವನ ದೊಡ್ಡ ಸಾಂಬಾರಿನ ಹಂಡೆಯೊಳಗೆ ಕೊಳೆತ ತುರಿ ಬಿದ್ದು ಇಡೀ ಹಂಡೆ ಚರಂಡಿ ಪಾಲಾಗಿತ್ತು. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಕಾಯಮ್ಮ" ಎಂದು ಗೊಣಗಿ ಹೋದ.

ಅಂದು ಗಂಡ ಸೊಸೆಯ ಬಳಿ ಗುಡುಗಿದ. "ಇನ್ನೊಂದು ಸಲ ಹೀಗಾದರೆ ಅಮ್ಮ ಮನೇಲಿ ಕೂರಲಿ. ಆ ಜಾಗದಲ್ಲಿ ನಾನು ಕೂರ್ತೀನಿ."

ಅಮ್ಮನನ್ನು ಆ ಜಾಗದಿಂದ ಎಬ್ಬಿಸಿದರೆ ಉಳಿಯುವುದೇನು? ಅಂಗಡಿಯ ಮುಂದಿನ ಆ ದಪ್ಪ ಹಲಗೆಯ ಹಿಂದೆ ಕೂತೇ ಅವರು ಮಗನನ್ನು ಸಾಕಿದ್ದು. ಸೊಸೆಗೆ ತನ್ನದೇ ಇನ್ನೊಂದು ಸಂಕಟವೂ ಇತ್ತು. ಅತ್ತೆ ಈಚೆಗೆ ಅವಳ ಪ್ರಶ್ನೆಗಳಿಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಸುಮ್ಮನೆ ತಲೆಯಾಡಿಸಿ ಆಚೆ ತಿರುಗುತ್ತಿದ್ದರು. ತಲೆ ತಿಂದು ತಿಂದು ಬೇಸರ ತರಿಸಿಬಿಟ್ಟೆ ಎಂದುಕೊಂಡು ಅವಳು ಒಬ್ಬಳೇ ಅತ್ತದ್ದೂ ಉಂಟು.

ಆದರೆ ಪ್ರಶ್ನೆ ಕೇಳುವವರಿಗೆ ಕಣ್ಣೂ ಇರುತ್ತದಲ್ಲ. ಕುಕ್ಕರ್ ಪಕ್ಕದಲ್ಲೇ ಕೂಗಿದರೂ ಅತ್ತೆ ಕದಲಲಿಲ್ಲ. ಒಂದು ಬೆಳಿಗ್ಗೆ ಸೊಸೆ ಬೇಕೆಂದೇ ಅವರ ಬೆನ್ನ ಹಿಂದೆ ನಿಂತು, "ಅತ್ತೆ, ಅಂಗಡಿಗೆ ಬೆಂಕಿ ಬಿತ್ತು!" ಎಂದಳು. ಅತ್ತೆ ನಿಧಾನವಾಗಿ ಚಿಪ್ಪಿನ ಸೌಟುಗಳಿಗೆ ಎಣ್ಣೆ ಒರೆಸುತ್ತಲೇ ಇದ್ದರು.

ಅಯ್ಯೋ ದೇವರೇ, ಸಿಟ್ಟಲ್ಲ ಇದು, ಕಿವಿ!

ಹೇಳುವುದು ಹೇಗೆ? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಯೋಚಿಸುತ್ತಿರುವಾಗಲೇ ಮಧ್ಯಾಹ್ನ ಮತ್ತೊಂದು ವಿಚಿತ್ರ ನಡೆಯಿತು. ಗಿರಾಕಿಗಳಿಲ್ಲದ ಹೊತ್ತು. ಅತ್ತೆ ಬೆನ್ನುನೋವಿಗೆ ಹಲಗೆಯ ಮೇಲೆ ಗದ್ದ ಊರಿ ಕಣ್ಣು ಮುಚ್ಚಿದ್ದರು. ಆ ತುದಿಯಲ್ಲಿ ಗಂಡ ನಾರು ಕಿತ್ತು ಒಂದೊಂದೇ ಕಾಯಿಯನ್ನು ಹಲಗೆಗೆ ಕುಕ್ಕುತ್ತಿದ್ದ.

"ಅದನ್ನ ಆಚೆ ಹಾಕೋ, ಕೊಳೆತಿದೆ" ಎಂದರು ಅತ್ತೆ, ಕಣ್ಣು ಬಿಡದೆ.

ಗಂಡ ನಕ್ಕು, ಒಡೆದು ನೋಡಿದ. ಕೊಳೆತಿತ್ತು! "ಕನಸಲ್ಲಿ ಹೇಳಿದ್ದು ಹೇಗೋ ನಿಜವಾಯ್ತು" ಎಂದು ಕೈ ತೊಳೆಯಲು ಹೋದ. ಅವನ ತಲೆಗೆ ಅಷ್ಟೇ ಹೊಳೆದದ್ದು.

ಸೊಸೆಗೆ ಕೂತಲ್ಲಿ ಕೂರಲಾಗಲಿಲ್ಲ. ಅತ್ತೆ ಒಳಗೆ ಹೋದ ಮೇಲೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಹಲಗೆಯ ಮೇಲಿನ ಕಾಯಿಗೆ ಸೌಟಿನ ಹಿಡಿಯಿಂದ ಬಡಿದಳು. ಎಲ್ಲೋ ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗಿತ್ತು. ಗದ್ದ ಊರಿ ಮತ್ತೆ ಬಡಿದಳು. ಟಣ್! ಸದ್ದು ದವಡೆಯಿಂದ ಹತ್ತಿ ನೇರ ತಲೆಬುರುಡೆಯೊಳಗೇ ಕೇಳಿಸಿತು. ಎತ್ತಿದರೆ ಇಲ್ಲ, ಊರಿದರೆ ಇದೆ. ಕಿವಿ ಮುಚ್ಚಿದರೇನಂತೆ, ಮೂಳೆ ಕೇಳುತ್ತಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲೇ ಅಡುಗೆಯವನು ಚೀಲ ಹಿಡಿದು ಬಂದ. ಅತ್ತೆಯೂ ಹೊರಗೆ ಬಂದು ಕೂತರು. "ಕಾಯಮ್ಮ, ಇದೇ ಕೊನೆ. ಇವತ್ತೂ ಕೆಟ್ಟದ್ದು ಬಂದರೆ ನಾನು ಬೇರೆ ಅಂಗಡಿ ನೋಡ್ಕೋತೀನಿ."

ಗಂಡ ಕೈಕಟ್ಟಿ ನಿಂತ. ಅತ್ತೆ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಬಡಿದರು. ಇನ್ನೊಮ್ಮೆ ಬಡಿದರು. ಹಣೆಯಲ್ಲಿ ಬೆವರು.

ಸೊಸೆ ಆ ಕಾಯಿಯನ್ನು ಮೆಲ್ಲಗೆ ತೆಗೆದುಕೊಂಡು ಹಲಗೆಯ ಮೇಲಿಟ್ಟಳು. ತನ್ನ ಗದ್ದ ಮುಟ್ಟಿ ತೋರಿಸಿ, ಹಲಗೆಯನ್ನು ತಟ್ಟಿದಳು. ಅತ್ತೆ ಅವಳ ಮುಖವನ್ನೇ ನೋಡಿದರು. ಗುಟ್ಟು ರಟ್ಟಾಗಿದೆ ಎಂದು ಅವರಿಗೆ ಗೊತ್ತಾಯಿತು. ಗಿರಾಕಿಯ ಎದುರು, ಮಗನ ಎದುರು, ನಿದ್ದೆ ಬಂದ ಮಗುವಿನ ಹಾಗೆ ಹಲಗೆಗೆ ಮುಖ ಊರುವುದೆಂದರೆ ಹುಡುಗಾಟವೇ? ಆದರೂ ಸೆರಗು ಬಿಗಿದುಕೊಂಡು ಬಾಗಿದರು.

ಸೊಸೆ ಬಡಿದಳು.

"ಒಳ್ಳೇದು."

ಮತ್ತೊಂದು. "ಒಳ್ಳೇದು." ಮತ್ತೊಂದು. "ಥೂ, ಇದು ಬೇಡ."

ಅಡುಗೆಯವನು ಬೇಡ ಎಂದದ್ದನ್ನೇ ಎತ್ತಿ ಕಲ್ಲಿಗೆ ಕುಕ್ಕಿದ. ನಾತ ಹೊಡೆದು ಎಲ್ಲರೂ ಹಿಂದೆ ಸರಿದರು.

ಅವನು ಮೂಗು ಹಿಡಿದುಕೊಂಡೇ ಕೇಳಿದ. "ಇದ್ಯಾವ ಹೊಸ ವಿದ್ಯೆ ಕಾಯಮ್ಮ?"

ಅತ್ತೆಗೆ ಕೇಳಿಸಲಿಲ್ಲ. ಅವನ ಮುಖ ನೋಡಿ ಊಹಿಸಿದರು. "ನನಗೆ ಕಿವಿ ಕೇಳಿಸಲ್ಲಪ್ಪ" ಎಂದರು, ಬೀದಿಗೆಲ್ಲ ಕೇಳುವಂತೆ. "ಮುಚ್ಚಿಟ್ಟು ನಿನ್ನ ಹಂಡೆ ಹಾಳು ಮಾಡಿದೆ. ಆ ಒಂದಕ್ಕೆ ಎರಡು ತಗೊಂಡು ಹೋಗು."

ಅಡುಗೆಯವನು ಚೀಲ ತುಂಬಿಸಿಕೊಂಡು ಹೊರಟ. ತಿರುಗಿ ನಿಂತು, "ನಾಳೆಗೂ ಹೀಗೇ ಆರಿಸಿಡಿ" ಎಂದ. ಮಗ ಅಮ್ಮನ ಬೆನ್ನಿಗೊಂದು ದಿಂಬು ತಂದಿಟ್ಟ. ನಾಳೆ ಡಾಕ್ಟರ ಬಳಿ ಹೋಗೋಣ ಎಂದು ಕೈಸನ್ನೆ ಮಾಡಿ ಒಳಗೆ ಹೋದ.

ಅತ್ತೆ ಮತ್ತೆ ಹಲಗೆಗೆ ಗದ್ದ ಊರಿದರು.

"ದಿನಾ ನಿನ್ನ ಬಾಯಿ ಆಡೋದು ಕಾಣ್ತಿತ್ತು" ಎಂದರು. "ಏನು ಅಂತ ಮತ್ತೆ ಕೇಳಿದರೆ ಸಿಕ್ಕಿಬೀಳ್ತೀನಲ್ಲ ಅಂತ ಭಯ. ನಿನ್ನ ಪ್ರಶ್ನೆ ಇಲ್ಲದೆ ದಿನ ಹೋಗ್ತಿರಲಿಲ್ಲ ಕಣೇ."

ಸೊಸೆ ತಾನೂ ಪಕ್ಕದಲ್ಲಿ ಬಾಗಿ, ತನ್ನ ಹಣೆಯನ್ನು ಅತ್ತೆಯ ಹಣೆಗೆ ಒತ್ತಿದಳು.

"ಅತ್ತೆ, ಕಾಯಿಗೆ ಮೂರು ಕಣ್ಣಿದ್ದರೂ ಒಂದು ಮಾತ್ರ ಯಾಕೆ ಮೆತ್ತಗಿರುತ್ತೆ?"

ಅತ್ತೆಯ ಕಣ್ಣು ತುಂಬಿತು. ಆದರೂ ಬೈಯುವ ಗತ್ತು ಬಿಡಲಿಲ್ಲ.

"ಒಳಗಿನ ಮೊಳಕೆ ಹೊರಗೆ ಬರೋಕೆ ದಾರಿ ಬೇಡವೇನೇ, ಪೆದ್ದಿ? ಹೂಂ, ಇನ್ನೊಂದು ಕೇಳು."