ಭಂಡಾರ ಮುಟ್ಟಿ ಬದಲಾಯಿಸಿದ ಹೊಲ

ಅಕ್ಕಲಕೋಟ ತಾಲೂಕಿನ ನಮ್ಮ ತಡವಳ ಊರಲ್ಲಿ ಹೊಲಗಳಿಗೆ ಹೆಸರಿರುತ್ತದೆ. ಬಾವಿ ಹೊಲ, ಹಳ್ಳದ ಹೊಲ, ಬನ್ನಿ ಗಿಡದ ಹೊಲ. ಗಟ್ ನಂಬರ್, ಅಂದರೆ ಸರ್ವೆ ನಂಬರ್, ಎಷ್ಟು ಅಂತ ಕೇಳಿ ನೋಡಿ, ಎಲ್ಲರೂ ಆಕಾಶ ನೋಡುತ್ತಾರೆ. ನಾನು ಸಾರಿಕಾ. ವಾರಕ್ಕೆ ಮೂರು ದಿನ ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಒಬ್ಬ ವಕೀಲರ ಬಳಿ ಕಾಗದ ಟೈಪ್ ಮಾಡುತ್ತೇನೆ. ಆದರೂ ಪಕ್ಕದ ಮನೆಯ ಗಂಗುಬಾಯಿ ಕಾಕು ಓಡಿ ಬರುವವರೆಗೆ ಅವರ ಹೊಲದ ನಂಬರ್ ನನಗೂ ಗೊತ್ತಿರಲಿಲ್ಲ. ನಾಚಿಕೆಗೇಡು!

"ಸಾರಿಕಾ, ಲಗೂನ ಬಾ! ಯಾರೋ ಇಬ್ರು ನಮ್ಮ ಬಾವಿ ಫೋಟೋ ತಗ್ಯಾಕತ್ತಾರ!"

ಹೋದೆವು. ಇಬ್ಬರೂ ಬ್ಯಾಂಕಿನವರು.

"ಅಂಬಾದಾಸಗ ಟ್ರ್ಯಾಕ್ಟರ್ ಲೋನ್ ಬೇಕಂತ್ರಿ ಆಜಿ. ಅವರ ಹೊಲ ನೋಡಾಕ ಬಂದೀವಿ."

"ಅಂಬಾದಾಸಂದಾ? ಇದು ನಮ್ಮ ಹೊಲರೀ! ಮೂವತ್ತು ಕುರಿ ಮಾರಿ ಈ ಬಾವಿ ತೋಡೀವಿ!"

"ಸಾತಬಾರಾದಾಗ ಅಂಬಾದಾಸನ ಅಪ್ಪ ಗೊಲ್ಲಾಳಪ್ಪನ ಹೆಸರು ಅದ ನೋಡ್ರಿ," ಎಂದು ಆ ಸಾತಬಾರಾ ಉತಾರೆ, ಅಂದರೆ ಹೊಲದ ಪಹಣಿ, ತೋರಿಸಿದರು. ಕಾಕು ಬಾವಿಕಟ್ಟೆಯ ಮೇಲೆ ಕುಸಿದು ಕೂತರು.

ಆಗಿದ್ದಿಷ್ಟು. ಕಾಕುವಿನ ಗಂಡ ಖಂಡಪ್ಪ ಕಾಕಾ ಮತ್ತು ಗೊಲ್ಲಾಳಪ್ಪ ಮಾಮಾ ಹುಡುಗರಾಗಿದ್ದಾಗಿನಿಂದ ಕೂಡಿ ಕುರಿ ಕಾಯ್ದವರು. ಒಬ್ಬನ ಹೊಲ ಇನ್ನೊಬ್ಬನ ಮನೆಯ ಪಕ್ಕ. ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಬೀರೋಬಾನ ಗುಡಿಗೆ ಹೋಗಿ, ದೇವರ ಅರಿಶಿನ ಭಂಡಾರ ಮುಟ್ಟಿ ಆಣೆ ಮಾಡಿ, ಹೊಲ ಅದಲು ಬದಲು ಮಾಡಿಕೊಂಡರು. ಕಾಗದ ಇಲ್ಲ, ಪತ್ರ ಇಲ್ಲ. ಸರ್ಕಾರದ ದಫ್ತರದಲ್ಲಿ ಹಳೆಯ ಹೆಸರೇ ಉಳಿಯಿತು.

"ಕಾಕಾ, ನಾಳೆ ಸಾಲದ ಬೋಜಾ ಈ ಹೊಲದ ಮ್ಯಾಲ ಏರ್ತದ. ಅಂಬಾದಾಸನ ಕಂತು ತಪ್ಪಿದ್ರ ನಿಮ್ಮ ಬಾವಿಗೆ ನೋಟೀಸ್ ಬರ್ತದ. ಕಾಗದ ಮಾಡಿಸ್ರಿ," ಎಂದು ಬಾವಿಕಟ್ಟೆಗೆ ಬಂದ ಕಾಕಾನಿಗೆ ಹೇಳಿದೆ.

ಕಾಕಾ ಉರಿದೆದ್ದರು. "ಭಂಡಾರ ಮುಟ್ಟಿ ಕೊಟ್ಟ ಮಾತಿಗಿ ಕಾಗದ ಕೇಳ್ಲೇನು? ಗೊಲ್ಲಾಳಪ್ಪನ ಮುಖ ಹೆಂಗ ನೋಡ್ಲಿ? ಬೇಕಾದ್ರ ಬಾವಿ ಹೋಗ್ಲಿ!"

ಹಾಗೆಂದವರ ಕಣ್ಣು ತುಂಬಿತ್ತು. ಪಾಪ, ಅವರಿಗೆ ಹೊಲಕ್ಕಿಂತ ಗೆಳೆಯ ಹೋದಾನೆಂಬ ಭಯ.

ಕಾಕು ಮಾತ್ರ ಎದ್ದು ನಿಂತರು. "ಬಾವಿ ಹೋಗ್ಲಿ ಅಂತ! ತೋಡಿದಾಗ ಮಣ್ಣು ಹೊತ್ತಾಕಿ ನಾನು. ನೀವು ಬರ್ರಿ, ಬಿಡ್ರಿ, ನಾ ಗೊಲ್ಲಾಳಪ್ಪಣ್ಣನ ಮನಿಗಿ ಹೊಂಟೆ." ಕಾಕಾ ಕಂಬಳಿ ಹೆಗಲಿಗೆ ಹಾಕಿಕೊಂಡು ಗೊಣಗುತ್ತ ಹಿಂದೆ ಬಂದರು.

ವಿಷಯ ಕೇಳಿದ್ದೇ ತಡ, ಗೊಲ್ಲಾಳಪ್ಪ ಮಾಮಾ ಗುಡುಗಿದರು. "ಖಂಡಪ್ಪಾ, ನನ್ನ ಮ್ಯಾಲ ಸಂಶಯಾ? ಭಂಡಾರದ ಮ್ಯಾಲ ಸಂಶಯಾ?"

ಕಾಕಾ ತಲೆ ತಗ್ಗಿಸಿದರು. ಕಾಕು ತಗ್ಗಿಸಲಿಲ್ಲ.

"ಅಣ್ಣಾ, ಭಂಡಾರ ಮುಟ್ಟಿದವ್ರು ನೀವಿಬ್ರು. ನಿಮ್ಮ ಅಂಬಾದಾಸ ಮುಟ್ಟಿಲ್ಲ, ನಮ್ಮ ಮಗ ಗುರುಸಿದ್ಧ ಮುಟ್ಟಿಲ್ಲ. ನೀವು ಹೋದ ಮ್ಯಾಲ ಅವ್ರಿಬ್ರು ಕೋರ್ಟಿನಾಗ ನಿಂತ್ರ ಬೀರೋಬಾನ್ನ ಸಾಕ್ಷಿಗಿ ಕರೀತಾರೇನು?"

ಬಾಗಿಲಲ್ಲಿದ್ದ ಅಂಬಾದಾಸನ ಮುಖ ಬಾಡಿತು. "ಅಪ್ಪಾ, ನಿನ್ನ ಹೆಸರಿಂದು ಅಂತ ಆ ಉತಾರೆ ಬ್ಯಾಂಕಿಗಿ ಕೊಟ್ಟೆ. ಅದು ಕಾಕಾನ ಹೊಲದ್ದಾ? ಹಂಗಾದ್ರ ನಮ್ಮ ಲಿಂಬಿ ಗಿಡ, ಬೋರ್‌ವೆಲ್ ಎಲ್ಲಾ ಕಾಕಾನ ಹೆಸರಿನ ಹೊಲದಾಗ ಅದಾವಾ?"

ಮಾಮಾ ಮೆಲ್ಲಗೆ ಕೂತರು. ನನ್ನ ಕಡೆ ತಿರುಗಿ, "ಏನ್ ಮಾಡಬೇಕವಾ?" ಎಂದರು.

"ಊರ ಹೊಲದ ಲೆಕ್ಕ ಇಡೋ ತಲಾಠಿ ಬಂದು ಯಾರ ಹೊಲ ಯಾರ ಕಬ್ಜಾದಾಗ ಅದ ಅಂತ ಪಂಚನಾಮಾ ಮಾಡ್ತಾರ. ಅಕ್ಕಲಕೋಟದಾಗ ಅದಲು ಬದಲಿನ ಪತ್ರ ನೋಂದಣಿ ಮಾಡ್ಸೋದು. ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಬ್ಜಾ ಇದ್ದವ್ರಿಗಿ ಸರ್ಕಾರದ ಸಲೋಖಾ ಯೋಜನಾದಾಗ ಮುದ್ರಾಂಕಕ್ಕ ಬರೀ ಸಾವಿರ ರೂಪಾಯಿ, ನೋಂದಣಿಗಿ ಸಾವಿರ. ಆಮ್ಯಾಲ ಸಾತಬಾರಾದಾಗ ಹೆಸರು ಬದಲಾಗ್ತದ."

"ಇಷ್ಟೇನಾ!" ಮಾಮಾ ಹಣೆ ಬಡಿದುಕೊಂಡರು. "ಕಾಗದ ಮಾಡ್ಸೂಣು ಅಂತ ನನಗೂ ಅನಸ್ತಿತ್ತಲೇ ಖಂಡಪ್ಪಾ. ಕೇಳಿದ್ರ ನೀ ಸಿಟ್ಟಾಗ್ತಿ ಅಂತ ಸುಮ್ಮನಿದ್ದೆ!"

ಕಾಕಾ ಬೆರಗಾಗಿ ನೋಡಿದರು. ಆಮೇಲೆ ಇಬ್ಬರು ಮುದುಕರೂ ಬಿದ್ದು ಬಿದ್ದು ನಕ್ಕರು.

ಅಂಬಾದಾಸ ಮರುದಿನವೇ ಬ್ಯಾಂಕಿನಿಂದ ಅರ್ಜಿ ಹಿಂಪಡೆದ. ಪಂಚನಾಮೆ, ನೋಂದಣಿ ಎಲ್ಲ ಮುಗಿದು ಹೊಸ ಉತಾರೆ ಬಂದಾಗ ನಾನೇ ಎರಡೂ ಓದಿ ಹೇಳಿದೆ. ಗೆಳೆಯರಿಬ್ಬರೂ ಅವನ್ನು ಬೀರೋಬಾನ ಮುಂದಿಟ್ಟು ಭಂಡಾರ ಹಚ್ಚಿದರು. ಕಾಕಾ ಅಂದರು, "ಮಾತು ಆಗಿಂದೇ ಅದ. ಈಗ ಮಕ್ಕಳಿಗೂ ಕೇಳಸ್ತದ."

ಅಕ್ಕ, ಅಣ್ಣ, ನೀವೂ ಬರೀ ಮಾತಿನ ಮೇಲೆ ಹೊಲ ಬದಲಾಯಿಸಿದ್ದೀರಾ? ಇಂದೇ ಸಾತಬಾರಾ ತೆಗೆಸಿ, ಯಾರ ಹೆಸರಿದೆ ಎಂದು ಓದಿಸಿಕೊಳ್ಳಿ. ಮಾತು ಕೊಟ್ಟವರು ಇಬ್ಬರೂ ಬದುಕಿರುವಾಗಲೇ ಪತ್ರ ನೋಂದಣಿ ಮಾಡಿಸಿ. ಸಲೋಖಾ ಯೋಜನೆ ಈಗಲೂ ನಡೆಯುತ್ತಿದೆಯೇ, ನಿಮಗೆ ಅನ್ವಯಿಸುತ್ತದೆಯೇ ಎಂದು ತಲಾಠಿಯನ್ನು ಕೇಳಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಗೆಳೆಯನನ್ನು ಕೇಳಲು ಸಂಕೋಚವೇ? ಮನೆಯ ಗಂಗುಬಾಯಿಯನ್ನು ಮುಂದೆ ಕಳಿಸಿ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ.