ಪೌಡರ್ ಹಚ್ಚಿಕೊಂಡ ಗಿಡ

ಧೂಳೇ ಆಗಿದ್ದರೆ ಒಂದೊಂದು ಎಲೆಯ ಮೇಲೂ ಇಷ್ಟು ಸಮನಾಗಿ ಕೂತಿರುತ್ತಿತ್ತೇ? ಕೂತರೂ ಎಲೆಯ ಬೆನ್ನಿಗೆ ಹೇಗೆ ಹತ್ತೀತು? ಗಾಳಿ ಕೆಳಗಿನಿಂದಲೂ ಬೀಸಿರಬಹುದೇ? ಮೂವತ್ತೊಂದು ಎಲೆ ಒರೆಸಿ, ಮೂವತ್ತೆರಡನೆಯದಕ್ಕೆ ಕೈ ಹಾಕುವಾಗ ಅಳಿಯನಿಗೆ ಈ ಅನುಮಾನ ಬಂತು. ಕೆಲಸವೆಲ್ಲ ಕೆಟ್ಟ ಮೇಲೆ ನಿಧಾನವಾಗಿ ಬಂದು ಬಾಗಿಲಲ್ಲಿ ನಿಲ್ಲುವುದು ಅವನ ಅನುಮಾನಗಳ ಹಳೆಯ ಚಾಳಿ.

ಅವನು ಕನ್ನಡಕ ಮಾಡುವವನು. ಗಾಜು ತಿಕ್ಕಿ ತಿಕ್ಕಿ, ಎಲ್ಲಿ ಮಸುಕು ಕಂಡರೂ ಕೈ ತಾನಾಗಿಯೇ ಜೇಬಿನ ಮೆತ್ತನೆ ಬಟ್ಟೆಗೆ ಹೋಗುತ್ತಿತ್ತು. ಮಾತಾಡುತ್ತಾ ಕೂತವರ ಮೂಗಿನಿಂದಲೇ ಕನ್ನಡಕ ಕಿತ್ತು ಒರೆಸಿ ಕೊಟ್ಟ ಖ್ಯಾತಿ ಅವನದು. ಅಂಥವನ ಕಣ್ಣೆದುರು, ಬಾಲ್ಕನಿಯಲ್ಲಿ, ಅತ್ತೆಯ ಸಕ್ಯುಲೆಂಟ್ ಗಿಡ. ತಟ್ಟೆಯಗಲಕ್ಕೆ ಗುಲಾಬಿಯ ಎಸಳಿನಂತೆ ಸುತ್ತು ಸುತ್ತಾಗಿ ಜೋಡಿಸಿಟ್ಟ ದಪ್ಪ ದಪ್ಪ ಎಲೆಗಳು; ನಡುವೆ ತಿಳಿನೀಲಿ, ಹೊರಗೆ ಬರುಬರುತ್ತಾ ನೇರಳೆ, ಅಂಚಿನಲ್ಲಿ ಕೆಂಪು. ಎಲ್ಲದರ ಮೇಲೂ ಬೂದಿಯಂಥ ತೆಳ್ಳನೆಯ ಮಸುಕು.

ಆರು ವರ್ಷ ಒಂದೇ ಮನೆಯಲ್ಲಿದ್ದರೂ ಅತ್ತೆ ಅವನನ್ನು ನಂಬಿ ಒಂದು ಲೋಟವನ್ನೂ ತೊಳೆಯಲು ಕೊಟ್ಟವರಲ್ಲ. ಮಗಳ ಹತ್ತಿರ ಮಾತಾಡುವಾಗ ಅವನು ಯಾವತ್ತೂ 'ನಿನ್ನ ಗಂಡ'. ತಂಗಿಯ ಮನೆಗೆ ಹೊರಟಾಗ ಮಾತ್ರ, ಮಗಳ ಕೈಗೆ ಕೊಟ್ಟರೆ ದಿನಾ ನೀರು ಸುರಿದು ಕೊಳೆಸುತ್ತಾಳೆಂಬ ಭಯಕ್ಕೆ, ಗಿಡವನ್ನು ಅವನಿಗೊಪ್ಪಿಸಿದ್ದರು.

"ಹತ್ತು ದಿನಕ್ಕೊಂದ್ಸಲ ನೀರು, ಅದೂ ಮಣ್ಣಿಗೆ ಮಾತ್ರ. ಬೆಳಗಿನ ಬಿಸಿಲು ಸಿಗ್ಬೇಕು. ಅಷ್ಟೇ ಅಳಿಯಂದ್ರೇ. ಅದಕ್ಕಿಂತ ಜಾಸ್ತಿ ಏನೂ ಮಾಡೋಕೆ ಹೋಗ್ಬೇಡಿ."

ಈ ಒಂದು ಗಿಡ ನೆಟ್ಟಗೆ ಉಳಿಸಿ ಕೊಟ್ಟರೆ ತಾನೂ 'ನಮ್ಮ ಹುಡುಗ' ಆದೇನು ಎಂದು ಅವನಿಗೆ ಒಳಗೊಳಗೇ ಆಸೆ. ಅದಕ್ಕೇ ಜಾಸ್ತಿ ಮಾಡಲು ಹೋಗಿದ್ದ.

ಹೆಂಡತಿ ಫೋನಿನಲ್ಲಿ ಹುಡುಕಿ ಓದಿ ಹಣೆ ಚಚ್ಚಿಕೊಂಡಳು. "ಅಯ್ಯೋ ಪುಣ್ಯಾತ್ಮ! ಅದು ಬಿಸಿಲು ತಡ್ಕೊಳ್ಳೋಕೆ ಗಿಡವೇ ಹಚ್ಕೊಂಡಿರೋ ಪುಡಿಯಂತೆ. ಒರೆಸಿದ ಎಲೆಗೆ ಮತ್ತೆ ಬರೋದೇ ಇಲ್ವಂತೆ. ಹೊಸ ಎಲೆ ಬಿಡೋವರೆಗೂ ಕಾಯ್ಬೇಕಂತೆ."

"ಎಷ್ಟು ದಿನ?"

"ತಿಂಗಳುಗಟ್ಲೆ. ಅಮ್ಮ ಬರೋದು ನಾಡಿದ್ದು."

ಗಿಡ ಎಣ್ಣೆ ಸವರಿದ ಬದನೆಕಾಯಿಯಂತೆ ಮಿರಮಿರನೆ ಮಿಂಚುತ್ತಿತ್ತು. ಅವನು ಮೊದಲು ಅದಕ್ಕೊಂದು ತೆಳುಬಟ್ಟೆಯ ನೆರಳು ಕಟ್ಟಿದ. ಆಮೇಲೆ ಕಳ್ಳಹೆಜ್ಜೆಯಲ್ಲಿ ಅತ್ತೆಯ ಕೋಣೆಗೆ ಹೋಗಿ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದ. ಗಾಜಿನ ಕಸ ಹೊಡೆಯುವ ಕುಂಚದಿಂದ ಒಂದೊಂದೇ ಎಲೆಗೆ, ಹಿಂದೆ, ಮುಂದೆ, ಸಂದಿಯಲ್ಲಿ, ಉಸಿರು ಬಿಗಿಹಿಡಿದು ಬಳಿಯತೊಡಗಿದ.

"ನಮ್ಮ ಮದುವೇಲಿ ನನಗೂ ಯಾರೂ ಇಷ್ಟು ಮೇಕಪ್ ಮಾಡ್ಲಿಲ್ಲ."

"ಬಾಯಿ ಮುಚ್ಚೇ, ಹಾರಿ ಹೋಗುತ್ತೆ."

ಅತ್ತೆ ಬಂದವರೇ ಚಪ್ಪಲಿಯನ್ನೂ ಬಿಡದೆ ಬಾಲ್ಕನಿಗೆ ನುಗ್ಗಿದರು. ಬಗ್ಗಿ ನೋಡಿದರು. ಮೂಗು ಅರಳಿಸಿದರು.

"ಇದೇನಿದು, ಗಿಡ ಘಂ ಅಂತಿದೆ?"

ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದಳು.

"ಏನು ಮಾಡಿದ್ರಿ ಇದಕ್ಕೆ?"

"ಏನಿಲ್ಲ... ಅದರ ಜೊತೆ ಮಾತಾಡ್ತಿದ್ದೆ."

"ನೀವಾ? ಮಾತಾ?" ದಿನಕ್ಕೆ ನಾಲ್ಕು ಮಾತಾಡದ ಅಳಿಯನನ್ನು ಅತ್ತೆ ಅಡಿಯಿಂದ ಮುಡಿಯವರೆಗೂ ನೋಡಿ ಒಳಗೆ ಹೋದರು.

ಮರುದಿನದಿಂದ ಅವರೂ ಸ್ಟೂಲು ಹಾಕಿಕೊಂಡು ಗಿಡದೆದುರು ಕೂರತೊಡಗಿದರು. ನಾಲ್ಕನೆಯ ಬೆಳಿಗ್ಗೆ, ಅಂಗಿಯ ಗುಂಡಿ ಹಾಕುತ್ತಾ ಬಂದವನು ಪರದೆಯ ಹಿಂದೆಯೇ ನಿಂತುಬಿಟ್ಟ.

"ಕೇಳೇ," ಅತ್ತೆ ಗಿಡಕ್ಕೆ ಹೇಳುತ್ತಿದ್ದರು, "ನನ್ನ ಪೌಡರ್ ಡಬ್ಬಿ ಅರ್ಧಕ್ಕಿಳಿದಿದೆ. ನನಗೇನು ಮೂಗಿಲ್ವಾ? ಮಾತಾಡ್ತಿದ್ನಂತೆ! ಪೆದ್ದಕ್ಕೆ ಸುಳ್ಳು ಹೇಳೋಕೂ ಬರಲ್ಲ. ಆದ್ರೂ ನೋಡು, ಒಂದು ಎಲೆ ಮುರೀದೆ ಎಲ್ಲಾ ಕಡೆ ಹಚ್ಚಿದಾನೆ. ನನ್ನ ಮಗಳಾಗಿದ್ರೆ ಇನ್ನೊಂದು ಗಿಡ ತಂದಿಟ್ಟು ಕೈ ತೊಳ್ಕೊಂಡಿರೋಳು. ನಮ್ಮ ಹುಡುಗ ಹಾಗಲ್ಲ, ಹೆದರಿದ್ರೂ ಬಿಟ್ಟು ಓಡಲ್ಲ. ಇದನ್ನ ಅವನ ಮುಂದೆ ಮಾತ್ರ ಅನ್ನಬಾರ್ದು, ತಲೆ ಮೇಲೆ ಕೂರ್ತಾನೆ."

ಅವನ ಬೆರಳುಗಳು ಗುಂಡಿಯ ಮೇಲೆಯೇ ಉಳಿದವು. ತುದಿಗಾಲಲ್ಲಿ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಜೋರಾಗಿ ಕೆಮ್ಮಿ, ಈಗಷ್ಟೇ ಬಂದವನಂತೆ ಬಂದ.

ಅತ್ತೆ ತಟ್ಟನೆ ಎದ್ದರು. ಮುಖದಲ್ಲಿ ಹುಸಿಗಾಂಭೀರ್ಯ. "ಬನ್ನಿ ಅಳಿಯಂದ್ರೇ. ಗಿಡ ಯಾಕೋ ಸಪ್ಪಗಿದೆ. ನಾಲ್ಕು ಮಾತಾಡಿಸಿ, ಆಮೇಲೆ ಅಂಗಡಿಗೆ ಹೋಗಿ." ಒಳಗೆ ಹೋದಂತೆ ಮಾಡಿ, ಬಾಗಿಲ ಪಕ್ಕದಲ್ಲೇ ಕಿವಿ ನಿಮಿರಿಸಿ ನಿಂತರು.

ಅವನು ಕುಕ್ಕರುಗಾಲಿನಲ್ಲಿ ಕೂತ. ಬಹಳ ಹೊತ್ತು ಯೋಚಿಸಿದ.

"ತಿಂಡಿ ಆಯ್ತಾ?" ಎಂದು ಗಿಡವನ್ನು ಕೇಳಿದ.

ಬಾಗಿಲ ಪಕ್ಕದಿಂದ ಕಿಸಕ್ಕೆಂದು ನಗು ಕೇಳಿಸಿತು. ಪರದೆಯ ಹಿಂದೆ ನಿಂತು ತಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೆ ಎಂಬುದನ್ನು ಅವನು ಅತ್ತೆಗೆ ಎಂದೂ ಹೇಳಲಿಲ್ಲ.